ಅಪ್‌ಡೇಟ್: ಆಟದ ಡಿಸ್ಕ್‌ಗಳ ಸಂಗೀತಕ್ಕೆ ಫ್ಲ್ಯಾಕ್ ಆಯ್ಕೆ ಮಾಡಿದೆ

ಹಳೆಯ ಪ್ಲೇಸ್ಟೇಷನ್ ಮತ್ತು ಸೆಗಾ ಸ್ಯಾಟರ್ನ್ ಗೇಮ್ ಕನ್ಸೋಲ್‌ಗಳ ಸಿಡಿಗಳನ್ನು ಸಂಗ್ರಹಿಸಿಡುವಾಗ ಆಡಿಯೊ ಟ್ರ್ಯಾಕ್‌ಗಳಿಗೆ ಧ್ವನಿಯ ಕೆಲವು ಅಂಶ ಬಿಟ್ಟು ಗಾತ್ರ ಇಳಿಸುವ ಎಂಪಿ3 ಸಾಕೇ, ಏನನ್ನೂ ಕಳೆಯದೆ ಸಂಕುಚಿಸುವ ಫ್ಲ್ಯಾಕ್ ಬೇಕೇ ಎಂದು ಹಿಂದೆ ಕೇಳಿದ್ದೆ. ನಿಮ್ಮ ಸಲಹೆಯಂತೆ ಸಿಎಚ್‌ಡಿ (ಇಡೀ ಡಿಸ್ಕನ್ನು ಸಂಕುಚಿಸಿ ಇಡುವ ರೂಪ) ಕಡತಗಳನ್ನೇ ಮಾಡಿಕೊಂಡೆ. ಅದರೊಳಗೆ ಸಂಗೀತದ ಭಾಗಕ್ಕೆ ಫ್ಲ್ಯಾಕ್ ಸಂಕೋಚನ ತಾನಾಗಿಯೇ ದೊರೆಯುತ್ತದೆ.

ಸಿಡಿಯ ಆಡಿಯೊ 44.1 ಕಿಲೋಹರ್ಟ್ಸ್, 16 ಬಿಟ್‌ನದಾಗಿದ್ದು, ಸೆಕೆಂಡಿಗೆ 75 ಸೆಕ್ಟರ್‌ಗಳಂತೆ (ಡಿಸ್ಕಿನ ಚಿಕ್ಕ ಭಾಗಗಳು), ಪ್ರತಿ ಸೆಕ್ಟರ್‌ನಲ್ಲಿ 2,352 ಬೈಟ್‌ಗಳಷ್ಟು ಕರಾರುವಾಕ್ಕಾಗಿ ಜೋಡಣೆಯಾಗಿರುತ್ತದೆ. ಎಂಪಿ3 ಎನ್‌ಕೋಡರ್ ಟ್ರ್ಯಾಕಿನ ಆದಿ ಮತ್ತು ಅಂತ್ಯದಲ್ಲಿ ಮೌನದ ಚೂರುಗಳನ್ನು ಸೇರಿಸುವುದರಿಂದ, ಎಡೆಬಿಡದೆ ಸುತ್ತಿ ಬರಬೇಕಾದ ಹಿನ್ನೆಲೆ ಸಂಗೀತ ಕಡಿದು ಕೇಳಿಸಬಹುದು. ಅದಕ್ಕಿಂತ ಮುಖ್ಯವಾಗಿ, ಎಂಪಿ3 ಮಾಡುವಾಗ ಒಮ್ಮೆ ಕಳೆದ ಧ್ವನಿ ಮರಳಿ ಬಾರದು. ಸಿಎಚ್‌ಡಿಯಿಂದ ಹೊರತೆಗೆದ ಟ್ರ್ಯಾಕ್‌ಗಳ ಹ್ಯಾಶ್ (ಕಡತದ ಬೆರಳಚ್ಚಿನಂಥ ಗುರುತು) ಮೂಲದೊಂದಿಗೆ ಪೂರ್ತಿ ಹೊಂದಿಕೆಯಾದಾಗ ನನಗೆ ನಿಜವಾದ ಸಮಾಧಾನವಾಯಿತು.

ಒಂದು ಮಾತು ಗಮನದಲ್ಲಿರಲಿ: ಪ್ಲೇಸ್ಟೇಷನ್ನಿನ ಹಲವು ಆಟಗಳ ಎಕ್ಸ್‌ಎ ಆಡಿಯೊ (ಆಟದ ಡೇಟಾದ ನಡುವೆ ಸೇರಿಸಿಟ್ಟ ಧ್ವನಿ) ಡೇಟಾ ಟ್ರ್ಯಾಕಿನಲ್ಲಿ ಈಗಾಗಲೇ ಎಡಿಪಿಸಿಎಂ ಎಂಬ ವಿಧಾನದಲ್ಲಿ ಸಂಕುಚಿತವಾಗಿರುವುದರಿಂದ, ಅಂಥವುಗಳ ಗಾತ್ರ ಹೆಚ್ಚು ಇಳಿಯದು.

ರಾಯಚೂರಿನ ಬೇಸಿಗೆಯ ಬಿಸಿಯು, ಮನೆಯಲ್ಲಿ ಬರ್ನ್ ಮಾಡಿಟ್ಟ ಸಿಡಿಗಳಲ್ಲಿ ಡೇಟಾ ಹಿಡಿದಿಡುವ ಬಣ್ಣದ ಪದರಕ್ಕೆ ಒಳ್ಳೆಯದಲ್ಲವಾದ್ದರಿಂದ, ಪ್ರತಿಗಳನ್ನು ಈಗ ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಇಟ್ಟಿದ್ದೇನೆ.