ಕನಕಪುರ ಲೋಕಸಭಾ ಕ್ಷೇತ್ರ ಎಲ್ಲಿ ಹೋಯ್ತು?

ಪ್ರಶ್ನೆ: 2004ರ ಪಟ್ಟಿಯಲ್ಲಿ ಕನಕಪುರ ಇದೆ, 2009ರಲ್ಲಿ ಇಲ್ಲ. ಬೆಂಗಳೂರು ಗ್ರಾಮಾಂತರ ಅಂದ್ರೆ ಅದೇನಾ? ಎರಡರ ಮತಗಳನ್ನು ನೇರವಾಗಿ ಹೋಲಿಸಬಹುದಾ?

ಉತ್ತರ 1: ಹೋಲಿಸಬೇಡಿ, ಬರೀ ಹೆಸರು ಬದಲಾಗಿದ್ದಲ್ಲ. 2008ರ ಪುನರ್ವಿಂಗಡಣೆಯಲ್ಲಿ ಗಡಿಯೇ ಬದಲಾಯ್ತು. ಮಳವಳ್ಳಿ ಮಂಡ್ಯಕ್ಕೆ ಹೋಯ್ತು, ಕುಣಿಗಲ್ ಬಂತು. ಸಾತನೂರು, ಉತ್ತರಹಳ್ಳಿ ವಿಧಾನಸಭಾ ಕ್ಷೇತ್ರಗಳೇ ರದ್ದಾದವು. ರಾಜರಾಜೇಶ್ವರಿನಗರ ಸೇರಿದ್ದರಿಂದ ‘ಗ್ರಾಮಾಂತರ’ದಲ್ಲಿ ಪೇಟೆ ಮತ ಬಹಳ. ಮಾಗಡಿ, ಚನ್ನಪಟ್ಟಣದಂಥ ಉಳಿದ ಹೆಸರುಗಳನ್ನೂ ಹೋಬಳಿ, ಮತಗಟ್ಟೆ ಮಟ್ಟದಲ್ಲಿ ತಾಳೆ ನೋಡಿಯೇ ಬಳಸಿ.

ಉತ್ತರ 2: ಇನ್ನೊಂದು ಕಡೆ ಎಲ್ಲರೂ ಎಡವೋದು: ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ನಾಲ್ಕೂ ಇರೋದು ಚಿಕ್ಕಬಳ್ಳಾಪುರ ಕ್ಷೇತ್ರದಲ್ಲಿ! ಜಿಲ್ಲೆಯ ಜನಸಂಖ್ಯೆ ತಂದು ಬೆಂಗಳೂರು ಗ್ರಾಮಾಂತರ ಲೋಕಸಭಾ ಕ್ಷೇತ್ರಕ್ಕೆ ಅಂಟಿಸಿದರೆ ಲೆಕ್ಕ ಪೂರ್ತಿ ತಪ್ಪು. ಈ ಕ್ಷೇತ್ರದೊಳಗಿರೋ ರಾಮನಗರ 2007ರಲ್ಲೇ ಗ್ರಾಮಾಂತರದಿಂದ ಒಡೆದು ಬೇರೆ ಜಿಲ್ಲೆಯಾಗಿತ್ತು.

ಉತ್ತರ 3: ಕನಕಪುರದ ಫಲಿತಾಂಶ ಜೋಡಿಸುವಾಗ 2002ರ ಉಪಚುನಾವಣೆ ಬಿಡಬೇಡಿ. 1999ರಲ್ಲಿ ಗೆದ್ದವರು ಎಂ.ವಿ. ಚಂದ್ರಶೇಖರಮೂರ್ತಿ, 2002ರಲ್ಲಿ ದೇವೇಗೌಡರು. 2004ರಲ್ಲಿ ಅದೇ ದೇವೇಗೌಡರನ್ನು ಕಾಂಗ್ರೆಸ್‌ನ ತೇಜಸ್ವಿನಿ ಸೋಲಿಸಿದರು. ನಡುವಿನ ಸಾಲು ಇಲ್ಲದಿದ್ದರೆ ಆ ಸೋಲಿನ ತೂಕವೇ ಕಾಣಲ್ಲ. ಗ್ರಾಮಾಂತರಕ್ಕೂ ಹಾಗೇ, 2013ರ ಉಪಚುನಾವಣೆ ಸೇರಿಸಿ.