ಹತ್ತನೆಯ ತರಗತಿಯ ಪಾಠ ಯೋಜನೆಯಲ್ಲಿ ಏನು ಬರೆದರೆ ತರಗತಿಗೆ ಉಪಯೋಗ?

ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ:
ಸರ್ಕಾರಿ ಪ್ರೌಢಶಾಲೆಯಲ್ಲಿ ಇದು ನನ್ನ ಎರಡನೆಯ ವರ್ಷ. ಪ್ರತಿ ಭಾನುವಾರ ಎರಡು ಮೂರು ಗಂಟೆ ಕುಳಿತು ಮುಂದಿನ ವಾರದ ಪಾಠ ಯೋಜನೆಯನ್ನು 5ಇ ಮಾದರಿಯಲ್ಲಿ, ಅಂದರೆ ತೊಡಗಿಸಿಕೊಳ್ಳುವುದು, ಅನ್ವೇಷಿಸುವುದು, ವಿವರಿಸುವುದು, ವಿಸ್ತರಿಸುವುದು, ಮೌಲ್ಯಮಾಪನ ಎಂಬ ಐದು ಹಂತಗಳಲ್ಲಿ ಬರೆಯುತ್ತೇನೆ. ಸೋಮವಾರ ಮುಖ್ಯೋಪಾಧ್ಯಾಯರ ಸಹಿಯೂ ಬೀಳುತ್ತದೆ. ಆದರೆ ತರಗತಿಗೆ ಹೋದ ಮೇಲೆ ಆ ಪುಸ್ತಕವನ್ನು ತೆರೆದು ನೋಡುವ ಸಂದರ್ಭವೇ ಬರುವುದಿಲ್ಲ. ಕಳೆದ ವಾರ ವಿದ್ಯುಚ್ಛಕ್ತಿ ಪಾಠದಲ್ಲಿ ಸರಣಿ ಜೋಡಣೆಯನ್ನು, ಅಂದರೆ ಬಲ್ಬುಗಳನ್ನು ಒಂದರ ನಂತರ ಒಂದರಂತೆ ಒಂದೇ ದಾರಿಯಲ್ಲಿ ಜೋಡಿಸುವುದನ್ನು ಕಲಿಸಿದೆ. ಮಕ್ಕಳು ಸೂತ್ರ ಬರೆದರು, ಲೆಕ್ಕವನ್ನೂ ಬಿಡಿಸಿದರು. ಮರುದಿನ ಒಬ್ಬ ಹುಡುಗಿ ಎದ್ದು ನಿಂತು, "ಮೊದಲನೇ ಬಲ್ಬು ಒಂದಿಷ್ಟು ಕರೆಂಟ್ ತಿಂದ ಮೇಲೆ ಉಳಿದದ್ದು ತಾನೇ ಎರಡನೇದಕ್ಕೆ ಹೋಗೋದು, ಟೀಚರ್?" ಎಂದು ಕೇಳಿದಳು. ಉಳಿದವರಲ್ಲಿ ಹೆಚ್ಚಿನವರು ಹೌದೆಂದು ತಲೆಯಾಡಿಸಿದರು. ನನ್ನ ಯೋಜನೆಯ ಯಾವ ಹಂತದಲ್ಲಿಯೂ ಈ ಪ್ರಶ್ನೆಗೆ ಜಾಗ ಇರಲಿಲ್ಲ. ನಾನು ಬರೆಯುವ ರೀತಿಯೇ ತಪ್ಪಾಗಿದೆಯೇ, ಅಥವಾ ಈ ಬರವಣಿಗೆ ಇರುವುದೇ ಸಹಿಗಾಗಿಯೇ?

ನಿವೃತ್ತ ಮುಖ್ಯೋಪಾಧ್ಯಾಯ, ಶಿರಸಿ:
ಮೇಡಂ, ಸಹಿ ಮಾಡುವ ಕುರ್ಚಿಯಲ್ಲಿ ಹಲವು ವರ್ಷ ಕುಳಿತವನಾಗಿ ಹೇಳುತ್ತೇನೆ, ಬರವಣಿಗೆ ವ್ಯರ್ಥವಲ್ಲ. ಶಿಕ್ಷಕರು ಹೆರಿಗೆ ರಜೆಯಲ್ಲಿ ಹೋದಾಗ, ವರ್ಗಾವಣೆಯಾದಾಗ, ಬದಲಿಗೆ ಬಂದ ಅತಿಥಿ ಶಿಕ್ಷಕರಿಗೆ ಆ ಪುಸ್ತಕವೊಂದೇ ದಾರಿ ತೋರಿಸುತ್ತದೆ. ನಾವು ಬಿ.ಇಡಿ. ಮಾಡುವಾಗ ಜರ್ಮನಿಯ ಶಿಕ್ಷಣ ಚಿಂತಕ ಹರ್ಬಾರ್ಟನ ಹಂತಗಳೆಂದು ಪೀಠಿಕೆಯಿಂದ ಆರಂಭಿಸಿ ಬರೆಯುತ್ತಿದ್ದೆವು, ಈಗ 5ಇ ಬಂದಿದೆ. ನಮೂನೆ ಬದಲಾದರೂ ಹಳೆಯ ವರ್ಷದ ಪುಸ್ತಕ ನೋಡಿ ನಕಲು ಮಾಡುವ ಅಭ್ಯಾಸ ಬದಲಾಗಲಿಲ್ಲ. ನಾನು ಸಹಿ ಮಾಡುವ ಮೊದಲು ನೋಡುತ್ತಿದ್ದದ್ದು ಪಾಠ ಮುಗಿದ ಮೇಲೆ ಶಿಕ್ಷಕರು ತಮ್ಮ ಕೈಯಲ್ಲಿ ಏನಾದರೂ ಗುರುತು ಹಾಕಿದ್ದಾರೆಯೇ ಎಂಬುದನ್ನು. ನಿಮ್ಮ ವಿದ್ಯಾರ್ಥಿನಿಯ ಮಾತನ್ನು ಅವಳದೇ ಶಬ್ದಗಳಲ್ಲಿ ಆ ಪುಟದ ಅಂಚಿನಲ್ಲಿ ಇಂದೇ ಬರೆದಿಡಿ. ಮುಂದಿನ ವರ್ಷ ಆ ಒಂದು ಸಾಲಿನಿಂದ ಪಾಠ ಶುರುವಾಗಲಿ.

ಗಣಿತ ಶಿಕ್ಷಕ, ಸಿಂಧನೂರು:
ಹಿರಿಯರ ಬಗ್ಗೆ ಗೌರವವಿದೆ, ಆದರೂ ಒಪ್ಪುವುದು ಕಷ್ಟ. ಎಂಟು, ಒಂಬತ್ತು, ಹತ್ತು ಮೂರೂ ತರಗತಿಗಳಿಗೆ ನಾನೊಬ್ಬನೇ ಗಣಿತ ಶಿಕ್ಷಕ. ದಿನಕ್ಕೆ ಐದಾರು ಪಿರಿಯಡ್ ತೆಗೆದುಕೊಂಡು, ಬಿಸಿಯೂಟದ ಲೆಕ್ಕ ನೋಡಿ, ಮಕ್ಕಳ ಮಾಹಿತಿಯನ್ನು ಆನ್‌ಲೈನ್‌ನಲ್ಲಿ ತುಂಬಿ ಮನೆಗೆ ಹೋಗುವವನು ಪ್ರತಿ ಅವಧಿಗೂ ಐದು ಹಂತಗಳ ಯೋಜನೆ ಬರೆಯಬೇಕೆಂದರೆ ನಕಲಿನ ಹೊರತು ದಾರಿ ಎಲ್ಲಿದೆ? ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ 80 ಅಂಕ ಲಿಖಿತ ಪರೀಕ್ಷೆಗೆ, 20 ಆಂತರಿಕ ಮೌಲ್ಯಮಾಪನಕ್ಕೆ. ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲೇ ಪೋರ್ಷನ್ ಮುಗಿಯದಿದ್ದರೆ ಕೇಳುವವರು ನನ್ನನ್ನೇ. ಇದರ ಜೊತೆಗೆ ಹತ್ತನೆಯ ತರಗತಿಯಲ್ಲಿ ವರ್ಗ ಸಮೀಕರಣ ಮಾಡುವಾಗ ಕೆಲವು ಮಕ್ಕಳು ಮೈನಸ್ ಐದರಿಂದ ಮೈನಸ್ ಮೂರನ್ನು ಕಳೆದರೆ ಎಷ್ಟು ಎಂಬಲ್ಲಿಯೇ ನಿಂತಿರುತ್ತಾರೆ. ಹಿಂದಿನ ತರಗತಿಯ ಕಲಿಕೆಯನ್ನು ಸರಿಪಡಿಸಲು ವರ್ಷದ ಆರಂಭದಲ್ಲಿ ನಡೆಸುವ ಸೇತುಬಂಧದಲ್ಲಿ ಆ ಕಂದಕ ಮುಚ್ಚುವುದಿಲ್ಲ. ನಾನು ವಾರಕ್ಕೆ ಒಂದೇ ಒಂದು ಅವಧಿಯನ್ನು ಚೆನ್ನಾಗಿ ಯೋಜಿಸುತ್ತೇನೆ. ಉಳಿದವನ್ನು ಪಠ್ಯಪುಸ್ತಕ ಮತ್ತು ಅನುಭವವನ್ನು ನಂಬಿ ನಡೆಸುತ್ತೇನೆ. ಹಾಗೆಂದು ಹೇಳಲು ನನಗೆ ಸಂಕೋಚವಿಲ್ಲ.

ಬಿ.ಇಡಿ. ಕಾಲೇಜಿನ ಉಪನ್ಯಾಸಕ, ಧಾರವಾಡ:
ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. 5ಇ ಮಾದರಿಯನ್ನು 1980ರ ದಶಕದಲ್ಲಿ ವಿಜ್ಞಾನ ಪಠ್ಯಕ್ರಮ ರೂಪಿಸುವ ಅಮೆರಿಕದ ಬಿಎಸ್‌ಸಿಎಸ್ ಸಂಸ್ಥೆಯಲ್ಲಿ ರೋಜರ್ ಬೈಬೀ ಮತ್ತು ಸಂಗಡಿಗರು ರೂಪಿಸಿದ್ದು ಹಲವು ದಿನ ನಡೆಯುವ ಒಂದು ಇಡೀ ಘಟಕಕ್ಕಾಗಿ. ಅದನ್ನು 40 ನಿಮಿಷದ ಒಂದು ಅವಧಿಗೆ ತುರುಕಿದರೆ ಅನ್ವೇಷಣೆಗೆ ಏಳೆಂಟು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಮಕ್ಕಳು ವೈರು ಬಿಡಿಸುವುದೂ ಮುಗಿಯುವುದಿಲ್ಲ. ಘಟಕಕ್ಕೆ ಒಮ್ಮೆ ಐದು ಹಂತಗಳನ್ನು ಬರೆದು, ಪ್ರತಿ ಅವಧಿಗೆ ಅರ್ಧ ಪುಟ ಬರೆಯುವುದಾದರೆ ಸಿಂಧನೂರಿನ ಗುರುಗಳ ಕಷ್ಟಕ್ಕೂ ಸ್ವಲ್ಪ ಪರಿಹಾರವಿದೆ.

ಆ ಅರ್ಧ ಪುಟದಲ್ಲಿ ಏನಿರಬೇಕು ಎಂಬುದಕ್ಕೆ ಮೇಡಂ ಅವರ ಪಾಠವನ್ನೇ ತೆಗೆದುಕೊಳ್ಳೋಣ. ಬಲ್ಬು ಕರೆಂಟ್ ತಿನ್ನುತ್ತದೆ ಎಂಬುದು ಆ ಹುಡುಗಿಯೊಬ್ಬಳ ತಪ್ಪಲ್ಲ. ಅನೇಕ ದೇಶಗಳ ಮಕ್ಕಳು ಹೀಗೆಯೇ ಯೋಚಿಸುತ್ತಾರೆಂದು ವಿಜ್ಞಾನ ಬೋಧನೆಯ ಸಂಶೋಧಕರು ದಶಕಗಳಿಂದ ಬರೆದಿದ್ದಾರೆ. ಆದ್ದರಿಂದ ಯೋಜನೆಯ ಮೊದಲ ಸಾಲು ಆ ತಪ್ಪು ಉತ್ತರವೇ ಆಗಿರಲಿ. ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ಹಾಕುವ ಮೊದಲು ಯಾವುದು ಹೆಚ್ಚು ಬೆಳಗುತ್ತದೆಂದು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಬರೆದ ಮೇಲೆಯೇ ಸ್ವಿಚ್ ಹಾಕಿ. ಇಲ್ಲೊಂದು ಎಚ್ಚರ ಬೇಕು. ಅಂಗಡಿಯಲ್ಲಿ ಒಂದೇ ಡಬ್ಬಿಯಿಂದ ಕೊಟ್ಟ ಟಾರ್ಚ್ ಬಲ್ಬುಗಳೂ ಒಂದೇ ಸಮನಾಗಿ ಬೆಳಗುವುದಿಲ್ಲ. ಅಕಸ್ಮಾತ್ ಮೊದಲನೆಯದೇ ಹೆಚ್ಚು ಬೆಳಗಿದರೆ ಮಕ್ಕಳ ತಪ್ಪು ತಿಳಿವಳಿಕೆಗೆ ನೀವೇ ಪುರಾವೆ ಒದಗಿಸಿದಂತಾಗುತ್ತದೆ. ಹಿಂದಿನ ದಿನವೇ ಪರೀಕ್ಷಿಸಿ ನೋಡಿ, ಎರಡರ ಜಾಗವನ್ನು ಅದಲುಬದಲು ಮಾಡಿ ತೋರಿಸಿ, ಬಳಿಕ ಕರೆಂಟ್ ಅಳೆಯುವ ಅಮ್ಮೀಟರನ್ನು ಮೊದಲ ಬಲ್ಬಿನ ಮುಂದೆ, ನಡುವೆ, ಎರಡನೆಯದರ ನಂತರ ಇಟ್ಟು ಓದಿಸಿ. ಮೂರು ಕಡೆಯೂ ಒಂದೇ ಅಂಕಿ ಬರುವುದನ್ನು ಮಗು ತಾನೇ ಓದಬೇಕು.

ಕನ್ನಡ ಶಿಕ್ಷಕಿ, ತುಮಕೂರು:
ಭಾಷಾ ಪಾಠಕ್ಕೂ ಇದೇ ಮಾತು ಸಲ್ಲುತ್ತದೆ ಎಂದು ಸೇರಿಸುತ್ತೇನೆ. ಕುಮಾರವ್ಯಾಸನ ಪದ್ಯದ ಜೊತೆಗೆ ಭಾಮಿನಿ ಷಟ್ಪದಿಯ ಲಕ್ಷಣವನ್ನು ಕಲಿಸುವಾಗ ನಾನು ಅನೇಕ ವರ್ಷ ಲಕ್ಷಣವನ್ನೇ ಮೊದಲು ಬರೆಸುತ್ತಿದ್ದೆ: ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳು ಎರಡೆರಡು ಸಲ ಬಂದು 14 ಮಾತ್ರೆ, ಮೂರು ಮತ್ತು ಆರನೆಯ ಸಾಲಿನಲ್ಲಿ ಅವೇ ಮೂರು ಸಲ ಬಂದು ಕೊನೆಗೊಂದು ಗುರು (ಎರಡು ಮಾತ್ರೆ), ಒಟ್ಟು 23. ಬಾಯಿಪಾಠ ಚೆನ್ನಾಗಿಯೇ ಒಪ್ಪಿಸುತ್ತಿದ್ದರು, ಪ್ರಸ್ತಾರ ಹಾಕಲು, ಅಂದರೆ ಲಘು ಗುರು ಗುರುತಿಸಿ ಗಣ ವಿಂಗಡಿಸಲು ಹೇಳಿದರೆ ಸಾಲಿನ ಕೊನೆಯಲ್ಲಿ ಪದ ತುಂಡಾಗುವಲ್ಲಿ ಎಡವುತ್ತಿದ್ದರು. ಎಡವುವ ಜಾಗ ಅದೆಂದು ಗೊತ್ತಾದ ಮೇಲೆ ಕ್ರಮವನ್ನು ತಿರುಗಿಸಿದೆ. ಈಗ ಮೊದಲ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ "ತಕಿಟ ತಕದಿಮಿ" ಎಂದು ಚಪ್ಪಾಳೆಯಲ್ಲಿ ಪದ್ಯ ಹಾಡಿಸುತ್ತೇನೆ. ಕಳೆದ ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬ, ಪರೀಕ್ಷೆಯಲ್ಲಿ ಎಂದೂ ಮುಂದೆ ಬಾರದವನು, "ಮೇಡಂ, ಮೂರನೇ ಸಾಲಿಗೆ ಇನ್ನೊಂದು ತಕಿಟ ತಕದಿಮಿ ಜಾಸ್ತಿ ಬರ್ತದೆ, ಆಮೇಲೆ ಎಳೀಬೇಕು" ಎಂದ. ಗುರು ಎಂಬ ಶಬ್ದವನ್ನು ನಾನು ಕರಿಹಲಗೆಯ ಮೇಲೆ ಬರೆದದ್ದು ಅವನು ಹಾಗೆ ಹೇಳಿದ ನಂತರ.

ಗಣಿತ ಶಿಕ್ಷಕ, ಸಿಂಧನೂರು:
ಉಪನ್ಯಾಸಕರು ಹೇಳಿದ ಅರ್ಧ ಪುಟವನ್ನು ಒಪ್ಪುತ್ತೇನೆ. ತಪ್ಪು ಉತ್ತರವನ್ನು ಮೊದಲು ಬರೆದುಕೊಳ್ಳುವುದು ನನ್ನ ಮೈನಸ್ ಚಿಹ್ನೆಯ ಪೀಡೆಗೂ ಹೊಂದುತ್ತದೆ. ಆದರೆ ಊಹಿಸಿ ಬರೆಸಿ, ತೋರಿಸಿ, ಚರ್ಚಿಸಲು ಹಿಡಿಯುವ ಆ ಹೆಚ್ಚುವರಿ ಅವಧಿ ಎಲ್ಲಿಂದ ಬರಬೇಕು? ಯಾವುದನ್ನು ಬಿಡಬೇಕೆಂದು ಯಾರೂ ಹೇಳುತ್ತಿಲ್ಲ.

ನಿವೃತ್ತ ಮುಖ್ಯೋಪಾಧ್ಯಾಯ, ಶಿರಸಿ:
ಪಾಠವನ್ನು ಬಿಡುವ ಅಧಿಕಾರ ಶಿಕ್ಷಕರಿಗಿಲ್ಲ, ಅದನ್ನು ನಾನು ಸಮರ್ಥಿಸಲಾರೆ. ಆದರೆ ಪಠ್ಯದಲ್ಲಿರುವುದನ್ನೇ ಕರಿಹಲಗೆಗೆ ಇಳಿಸಿ ಮಕ್ಕಳಿಂದ ಮತ್ತೆ ನೋಟ್ಸ್ ಬರೆಸುವ ಸಮಯವನ್ನು ಗಡಿಯಾರ ಇಟ್ಟು ನೋಡಿ. ಬಿಡಬೇಕಾದದ್ದು ಅಲ್ಲಿದೆ.

ವಿಜ್ಞಾನ ಶಿಕ್ಷಕಿ, ಹಾವೇರಿ ಜಿಲ್ಲೆ:
ಎಲ್ಲರಿಗೂ ಧನ್ಯವಾದಗಳು. ನಿನ್ನೆ ಹಾಗೆಯೇ ಲೆಕ್ಕ ಹಾಕಿದೆ: ವ್ಯಾಖ್ಯೆ, ಸೂತ್ರ, ಚಿತ್ರ ಬರೆಸಲು ನನ್ನ 40 ನಿಮಿಷದಲ್ಲಿ 17 ನಿಮಿಷ ಹೋಗಿತ್ತು. ಅವು ಪಠ್ಯಪುಸ್ತಕದಲ್ಲಿ ಇವೆ, ಮನೆಯಲ್ಲಿ ಬರೆದು ತರಲಿ ಎಂದಿದ್ದೇನೆ. ಸಂಜೆ ಪ್ರಯೋಗಾಲಯದಲ್ಲಿ ಉಳಿದು ಆರು ಬಲ್ಬುಗಳನ್ನು ಜೋಡಿ ಜೋಡಿಯಾಗಿ ಹಚ್ಚಿ ನೋಡಿದೆ. ಎರಡು ಜೋಡಿ ಸಮನಾಗಿ ಬೆಳಗಿದವು, ಮೂರನೆಯ ಜೋಡಿಯಲ್ಲಿ ಒಂದು ಬಲ್ಬು ಮಂಕಾಗಿತ್ತು. ಮೊದಲು ಅದನ್ನು ತೆಗೆದಿಟ್ಟೆ. ಆಮೇಲೆ ಯೋಚಿಸಿ ಮತ್ತೆ ಪೆಟ್ಟಿಗೆಯೊಳಗೆ ಸೇರಿಸಿದೆ. ಸಮನಾದ ಜೋಡಿಯನ್ನು ನೋಡಿ ಎಲ್ಲರೂ ಒಪ್ಪಿಕೊಂಡ ಮೇಲೆ, ಈ ಮೂರನೆಯ ಜೋಡಿಯನ್ನು ಪ್ರಶ್ನೆ ಕೇಳಿದ ಆ ಹುಡುಗಿಯ ಕೈಗೇ ಕೊಟ್ಟು, ಮಂಕು ಬಲ್ಬಿನ ಜಾಗ ಬದಲಿಸಿ ಏನಾಗುತ್ತದೆಂದು ತರಗತಿಗೆ ವಿವರಿಸಲು ಹೇಳುತ್ತೇನೆ. ಮಂಗಳವಾರದ ಅರ್ಧ ಪುಟದಲ್ಲಿ ಸದ್ಯಕ್ಕೆ ಬರೆದಿರುವುದು ಇಷ್ಟೇ.