ಸಿಗ್ನಲ್ ಇಲ್ಲದ ಜಾಗದಲ್ಲಿ ಫೋನನ್ನು ಎಷ್ಟು ನಂಬಬಹುದು? ಕಂಟ್ರೋಲ್ ರೂಮಿನವರ ಜೊತೆ ಪ್ರಶ್ನೋತ್ತರ

ಈ ವಾರ ಉತ್ತರ ಕೊಡುತ್ತಿರುವವರು ನಮ್ಮ ಗುಂಪಿನ ಸದಸ್ಯೆ. ತುರ್ತು ಕರೆ ತೆಗೆದುಕೊಳ್ಳುವ ಕಂಟ್ರೋಲ್ ರೂಮಿನಲ್ಲಿ 14 ವರ್ಷದಿಂದ ಕೆಲಸ ಮಾಡುತ್ತಿದ್ದಾರೆ. ಬೆಟ್ಟ, ಕಾಡಿನಲ್ಲಿ ಜನರನ್ನು ಹುಡುಕುವ ತಂಡಗಳ ಜೊತೆ ರೇಡಿಯೋ ಸಂಪರ್ಕವನ್ನೂ ನೋಡಿಕೊಳ್ಳುತ್ತಾರೆ.

ಪ್ರಶ್ನೆ: ಮೇಡಂ, ನಾವು ಆರು ಜನ ಮೂರು ದಿನ ಕಾಡುದಾರಿಯಲ್ಲಿ ನಡೆಯುವವರಿದ್ದೇವೆ. ಎಲ್ಲರ ಹತ್ತಿರ ಸ್ಮಾರ್ಟ್‌ಫೋನ್ ಇದೆ, ಎರಡು ಪವರ್ ಬ್ಯಾಂಕ್ ಇವೆ. ಏನಾದರೂ ಆದರೆ 112 ಒತ್ತಿದರೆ ಸಾಕು, ಅದಕ್ಕೆ ನೆಟ್‌ವರ್ಕೇ ಬೇಡ ಅಂತ ನಮ್ಮಲ್ಲೊಬ್ಬ ಹೇಳುತ್ತಾನೆ. ನಿಜಾನಾ?

ಉತ್ತರ: ಅರ್ಧ ನಿಜ. ಉಳಿದ ಅರ್ಧವನ್ನು ನಂಬಿ ಜನ ಕಷ್ಟಕ್ಕೆ ಸಿಕ್ಕಿಕೊಂಡಿದ್ದನ್ನು ನೋಡಿದ್ದೇನೆ. ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಿಮ್ಮ ಸಿಮ್ಮಿನ ಕಂಪನಿಗೆ ಅಲ್ಲಿ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ ತುರ್ತು ಕರೆ ಅದರ ಮೂಲಕ ಹೋಗುತ್ತದೆ. ಹೆಚ್ಚಿನ ದೇಶಗಳಲ್ಲಿ ವ್ಯವಸ್ಥೆ ಹೀಗೇ ಇದೆ. ಪರದೆ ಮೇಲೆ 'ತುರ್ತು ಕರೆ ಮಾತ್ರ' ಅಂತ ಬರುತ್ತದಲ್ವಾ, ಅದರ ಅರ್ಥ ಇದೇ. ಆದರೆ ಯಾರದ್ದೂ ಟವರ್ ಸಿಗದ ಕಡೆ 112 ಕೂಡ ಹೋಗುವುದಿಲ್ಲ. ಸಿಮ್ ಇಲ್ಲದ ಫೋನಿಂದಲೂ ಹೋಗುತ್ತದೆ ಅನ್ನುವುದು ಎಲ್ಲ ಕಡೆ ನಿಜವಲ್ಲ. ಜರ್ಮನಿಯಲ್ಲಿ 2009ರಿಂದ ಅದನ್ನು ನಿಲ್ಲಿಸಿದ್ದಾರೆ, ಹುಡುಗಾಟದ ಕರೆಗಳು ಅಷ್ಟು ಜಾಸ್ತಿಯಾಗಿದ್ದವು.

ಈಗ ನಾನು ನಿಜವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಒಂದು ಸಂಜೆ ಕರೆ ಬಂತು. ಹಿಂದೆ ಜೋರು ಗಾಳಿಯ ಸದ್ದು, ಒಬ್ಬ ಹುಡುಗನ ದನಿ. 'ಮೇಡಂ, ನನ್ನ ಫ್ರೆಂಡ್ ಬಿದ್ದುಬಿಟ್ಟ. ಕಾಲು ಪೂರ್ತಿ ತಿರುಗಿಹೋಗಿದೆ. ಮಳೆ ಬೇರೆ ಬರ್ತಿದೆ. ಬೆಳಿಗ್ಗೆಯಿಂದ ದಾರಿ ತಪ್ಪಿದ್ವಿ...' ಎಲ್ಲಿದ್ದೀರಿ ಅಂತ ಮೂರು ಸಲ ಕೇಳಿದೆ. ಅವನಿಗೆ ನನ್ನ ಮಾತು ಕೇಳಿಸುತ್ತಲೇ ಇರಲಿಲ್ಲ ಅನಿಸುತ್ತದೆ. ಲೈನ್ ಕಟ್ಟಾಯಿತು. ವಾಪಸ್ ಮಾಡಿದರೆ ಸಿಗಲಿಲ್ಲ. ಆಮೇಲೆ ರೆಕಾರ್ಡಿಂಗ್ ನೋಡಿದೆ, 41 ಸೆಕೆಂಡ್ ಮಾತಾಡಿದ್ದ. ಅದರಲ್ಲಿ ಒಂದು ಊರಿನ ಹೆಸರು, ಒಂದು ಹಳ್ಳದ ಹೆಸರು ಹೇಳಲು ಐದು ಸೆಕೆಂಡ್ ಸಾಕಿತ್ತು.

ನಮ್ಮ ಕೈಯಲ್ಲಿ ಉಳಿದಿದ್ದು ಕರೆ ಯಾವ ಟವರಿಂದ ಬಂತು ಅನ್ನುವುದಷ್ಟೇ. ಬಯಲು, ಬೆಟ್ಟದ ಟವರ್‌ಗಳು ಬಹಳ ದೂರದ ಫೋನನ್ನೂ ಹಿಡಿಯುತ್ತವೆ. ಹಳೆಯ 2ಜಿಯಲ್ಲಿ ಅದರ ಮಿತಿಯೇ ಸುಮಾರು 35 ಕಿಲೋಮೀಟರ್. ತಂಡದವರು ರಾತ್ರಿಯಿಡೀ ನಡೆದರು. ಮರುದಿನ ಮಧ್ಯಾಹ್ನ ಇಬ್ಬರೂ ಜೀವಂತವಾಗಿ ಸಿಕ್ಕರು. ಜಾಗ ಹೇಳಿದ್ದರೆ ಅದೇ ರಾತ್ರಿ ಸಿಗುತ್ತಿದ್ದರು.

ಅದಕ್ಕೇ ನನ್ನದು ಒಂದೇ ಹಟ. ಕರೆ ತಾಗಿದ ಕೂಡಲೇ ಮೊದಲ ವಾಕ್ಯ ನೀವು ಇರುವ ಜಾಗ. ಏನಾಯಿತು, ಎಷ್ಟು ಜನ, ಯಾವ ನಂಬರ್, ಎಲ್ಲ ಆಮೇಲೆ. ಅಂಥ ಕಡೆ ಒಂದೇ ನಿಮಿಷ ಸಿಗ್ನಲ್ ಸಿಗಬಹುದು, ಆ ನಿಮಿಷಕ್ಕೆ ಮೊದಲೇ ತಯಾರಾಗಿರಿ.

ಕೆಲವು ದೇಶಗಳಲ್ಲಿ ತುರ್ತು ನಂಬರಿಗೆ ಕರೆ ಮಾಡಿದಾಗ ಫೋನೇ ಜಾಗವನ್ನು ಕಳಿಸುತ್ತದೆ. ಬ್ರಿಟನ್ನಿನಲ್ಲಿ 2014ರಲ್ಲಿ ಇದು ಶುರುವಾಯಿತು. ಒಳ್ಳೆಯ ವ್ಯವಸ್ಥೆ. ಆದರೆ ಅದಕ್ಕೂ ಸಿಗ್ನಲ್ ಬೇಕು, ಎಲ್ಲ ಕಡೆ ಅದು ಬಂದಿಲ್ಲ. ಬಾಯಿಬಿಟ್ಟು ಹೇಳುವುದನ್ನು ಬಿಡಬೇಡಿ.

ಪ್ರಶ್ನೆ: ಇಂಟರ್‌ನೆಟ್ಟೇ ಇಲ್ಲದಿದ್ದರೆ ಜಾಗ ಗೊತ್ತಾಗುವುದು ಹೇಗೆ ಅಕ್ಕ? ಮ್ಯಾಪ್ ತೆರೆದರೆ ಖಾಲಿ ಪರದೆ ಬರುತ್ತೆ.

ಉತ್ತರ: ಜಿಪಿಎಸ್‌ಗೆ ಇಂಟರ್‌ನೆಟ್ ಬೇಡ. ಉಪಗ್ರಹಗಳು 20,000 ಕಿಲೋಮೀಟರಿಗೂ ಮೇಲೆ ಸುತ್ತುತ್ತಾ ಸಿಗ್ನಲ್ ಬಿಡುತ್ತಿರುತ್ತವೆ, ನಿಮ್ಮ ಫೋನ್ ಅದನ್ನು ಕೇಳಿಸಿಕೊಳ್ಳುತ್ತದೆ ಅಷ್ಟೆ. ಖಾಲಿ ಬರುವುದು ಮ್ಯಾಪಿನ ಚಿತ್ರ. ಹೊರಡುವ ಮೊದಲೇ ಆ ಪ್ರದೇಶದ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ನೆಟ್ ಇಲ್ಲದಾಗ ಜಾಗ ಹಿಡಿಯಲು ಸಮಯ ಜಾಸ್ತಿ ಬೇಕು, ಮರದ ಕೆಳಗಂತೂ ಕೆಲವು ನಿಮಿಷ ಆಗಬಹುದು. ಆಕಾಶ ಕಾಣುವ ಕಡೆ ಫೋನ್ ಇಟ್ಟು ಸುಮ್ನೆ ಕಾಯಿರಿ.

ಜಾಗ ತೋರಿಸುವ ಅಂಕಿಗಳು, ಅಂದರೆ ಅಕ್ಷಾಂಶ, ರೇಖಾಂಶ, ಪರದೆ ಮೇಲೆ ಬರುತ್ತವೆ. ಅವನ್ನು ಇರುವ ಹಾಗೇ ಓದಿ, ಚುಕ್ಕಿ ಎಲ್ಲಿದೆ ಅಂತಲೂ ಹೇಳಿ. 12.30 ಡಿಗ್ರಿ ಬೇರೆ, 12 ಡಿಗ್ರಿ 30 ನಿಮಿಷ ಬೇರೆ. ಎರಡನೆಯದು ದಶಮಾಂಶದಲ್ಲಿ 12.50. ಇವೆರಡರ ನಡುವೆ ನೆಲದ ಮೇಲೆ ಸುಮಾರು 22 ಕಿಲೋಮೀಟರ್! ಚುಕ್ಕಿಯ ನಂತರ ನಾಲ್ಕು ಅಂಕಿ ಕೊಟ್ಟರೆ ಹತ್ತು ಹನ್ನೊಂದು ಮೀಟರಿನ ಲೆಕ್ಕದಲ್ಲಿ ನಿಮ್ಮ ಜಾಗ ನಮಗೆ ಸಿಗುತ್ತದೆ.

ಪ್ರಶ್ನೆ: ಕರೆ ಹೋಗದಿದ್ದಾಗ ಮೆಸೇಜ್ ಹೋಗುತ್ತೆ ಅಂತಾರೆ. ವಾಟ್ಸಾಪ್ ಮಾಡಿದರೆ ಆಗುತ್ತಾ?

ಉತ್ತರ: ಡೇಟಾ ಸಿಗದ ಕಡೆ ವಾಟ್ಸಾಪ್ ಹೋಗುವುದಿಲ್ಲ. ಸಾದಾ ಎಸ್ಸೆಮ್ಮೆಸ್ ಕಳಿಸಿ. ಕರೆಗೆ ಸಿಗ್ನಲ್ ಪೂರ್ತಿ ಹೊತ್ತು ನಿಲ್ಲಬೇಕು, ಎಸ್ಸೆಮ್ಮೆಸ್ಸಿಗೆ ಕೆಲವು ಸೆಕೆಂಡ್ ಸಿಕ್ಕರೂ ನಡೆಯುತ್ತದೆ. ಹೋಗದಿದ್ದರೆ ಸುಮ್ಮನಾಗಬೇಡಿ, ಮತ್ತೆ ಮತ್ತೆ ಒತ್ತಿ.

ಇಲ್ಲಿ ನಾವು ಕನ್ನಡದವರು ಗಮನಿಸಬೇಕಾದ್ದು ಒಂದಿದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷ್ ಅಕ್ಷರವಾದರೆ 160 ಹಿಡಿಯುತ್ತವೆ. ಕನ್ನಡ ಲಿಪಿಯಾದರೆ 70 ಮಾತ್ರ. ಅದೂ 'ಕಾಲು' ಅನ್ನುವುದು ನಮ್ಮ ಕಣ್ಣಿಗೆ ಎರಡಕ್ಷರ, ಫೋನಿನ ಲೆಕ್ಕದಲ್ಲಿ ನಾಲ್ಕು. ಮೆಸೇಜ್ ಉದ್ದವಾದರೆ ಎರಡು ಮೂರು ತುಂಡಾಗಿ ಹೋಗುತ್ತದೆ, ಒಂದು ತುಂಡು ಸಿಕ್ಕಿಕೊಂಡರೂ ಓದುವವರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ, ಚಿಕ್ಕದಾಗಿ ಬರೆಯಿರಿ. ಕೆಳಗೆ ಕೂತು ಬರೆದಿಟ್ಟುಕೊಂಡು ಆಮೇಲೆ ಎತ್ತರದ ಜಾಗಕ್ಕೆ ಹೋಗಿ ಕಳಿಸಿ.

ಎಲ್ಲ ದೇಶಗಳಲ್ಲೂ ತುರ್ತು ನಂಬರಿಗೆ ಮೆಸೇಜ್ ಹೋಗುವುದಿಲ್ಲ. ಕೆಲವು ಕಡೆ ಮೊದಲೇ ಹೆಸರು ನೋಂದಾಯಿಸಿರಬೇಕು. ಆದ್ದರಿಂದ ಮನೆಯಲ್ಲಿ ಎಚ್ಚರವಾಗಿರುವ ಒಬ್ಬರಿಗೆ ಕಳಿಸಿ. ಅವರು ನಮಗೆ ಫೋನ್ ಮಾಡಲಿ.

ಪ್ರಶ್ನೆ: ಬ್ಯಾಟರಿ ಉಳಿಸೋದು ಹೇಗೆ? ಮನೆಯಲ್ಲಿ ಎರಡು ದಿನ ಬರುವ ಫೋನ್ ಬೆಟ್ಟದಲ್ಲಿ ಅರ್ಧ ದಿನಕ್ಕೇ ಸತ್ತುಹೋಗುತ್ತೆ.

ಉತ್ತರ: ಟವರ್ ಸಿಗದಿದ್ದಾಗ ಫೋನ್ ಬಿಡದೆ ಅದನ್ನೇ ಹುಡುಕುತ್ತಿರುತ್ತದೆ, ಬ್ಯಾಟರಿ ಅದಕ್ಕೇ ಖರ್ಚಾಗುತ್ತದೆ. ಏರೋಪ್ಲೇನ್ ಮೋಡಿಗೆ ಹಾಕಿ. ಈಗಿನ ಹೆಚ್ಚಿನ ಫೋನ್‌ಗಳಲ್ಲಿ ಆಗಲೂ ಜಿಪಿಎಸ್ ಕೆಲಸ ಮಾಡುತ್ತದೆ. ಚಳಿಯಿದ್ದರೆ ಬಟ್ಟೆಯ ಒಳಗೆ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ತಣ್ಣಗಾದ ಬ್ಯಾಟರಿ ಚಾರ್ಜ್ ಇದ್ದೂ ಆಫ್ ಆಗಿಬಿಡುತ್ತದೆ. ಆರು ಜನ ಇದ್ದರೆ ಒಂದು ಫೋನನ್ನು ಫುಲ್ ಚಾರ್ಜ್ ಮಾಡಿ, ಆಫ್ ಮಾಡಿ, ನೀರು ಹೋಗದ ಚೀಲದಲ್ಲಿ ಮುಟ್ಟದೆ ಇಡಿ. ಅದರಲ್ಲಿ ಫೋಟೋ ಬೇಡ, ಹಾಡು ಬೇಡ.

ಇನ್ನೊಂದು ಮಾತು, ಕೈಮುಗಿದು ಕೇಳುತ್ತೇನೆ. ನಿಮ್ಮವರು ಎಲ್ಲೋ ಸಿಕ್ಕಿಕೊಂಡಿದ್ದಾರೆ ಅಂತ ಗೊತ್ತಾದ ಮೇಲೆ ಮನೆಯವರೆಲ್ಲ ಒಬ್ಬೊಬ್ಬರಾಗಿ ಅವರಿಗೆ ಫೋನ್ ಮಾಡಬೇಡಿ. ಒಬ್ಬರು ಗಾಯಗೊಂಡಿದ್ದಾಗ ನಾವು ಕರೆ ಮಾಡಿದಾಗೆಲ್ಲ ಲೈನ್ ಬಿಜಿ. ಅಕ್ಕ, ಭಾವ, ಆಫೀಸಿನವರು ಎಲ್ಲ ಧೈರ್ಯ ಹೇಳುತ್ತಿದ್ದರು. ಪ್ರೀತಿಯಿಂದಲೇ ಮಾಡಿದ್ದು, ನನಗೆ ಅರ್ಥವಾಗುತ್ತದೆ. ಆದರೆ ತಂಡ ಹತ್ತಿರ ಹೋಗುವ ಹೊತ್ತಿಗೆ ಆ ಫೋನಿನಲ್ಲಿ ಚಾರ್ಜ್ ಉಳಿದಿರಲಿಲ್ಲ.

ಪ್ರಶ್ನೆ: ನಮ್ಮ ತಂದೆ ಒಬ್ಬರೇ ದೂರದ ಜಾಗದಲ್ಲಿ ಕೆಲಸ ಮಾಡುತ್ತಾರೆ. ಹಳೇ ಕೀಪ್ಯಾಡ್ ಫೋನ್ ಇದೆ. ಹೊಸದು ಕೊಡಿಸಬೇಕಾ?

ಉತ್ತರ: ಅದು ಯಾವ ನೆಟ್‌ವರ್ಕಿನದು ಅಂತ ಮೊದಲು ನೋಡಿ. ತುಂಬಾ ದೇಶಗಳಲ್ಲಿ 2ಜಿ, 3ಜಿ ನಿಲ್ಲಿಸುತ್ತಿದ್ದಾರೆ. ಆಸ್ಟ್ರೇಲಿಯಾದಲ್ಲಿ 2024ರಲ್ಲಿ 3ಜಿ ಮುಚ್ಚುವಾಗ ಗೊತ್ತಾಗಿದ್ದು ಏನೆಂದರೆ, ಕೆಲವು 4ಜಿ ಫೋನ್‌ಗಳೂ ತುರ್ತು ಕರೆಗೆ ಮಾತ್ರ 3ಜಿಯನ್ನೇ ನೆಚ್ಚಿಕೊಂಡಿದ್ದವು. ದಿನದ ಕರೆ ಸರಿಯಾಗಿ ಹೋಗುತ್ತಿದ್ದರೂ ತುರ್ತು ಕರೆ ಹೋಗದಂಥ ಸ್ಥಿತಿ. ನಿಮ್ಮ ತಂದೆಯ ಫೋನಿನಲ್ಲಿ 4ಜಿ ಮೇಲೆ ತುರ್ತು ಕರೆ ಹೋಗುತ್ತದೆಯೇ ಅಂತ ಕಂಪನಿಯವರನ್ನು ಕೇಳಿ. ಸುಮ್ನೆ 112 ಒತ್ತಿ ಪರೀಕ್ಷೆ ಮಾಡಬೇಡಿ.

ಫೋನಿಗಿಂತ ಅವರಿಗೆ ಒಂದು ಹೊತ್ತು ಗೊತ್ತುಮಾಡಿ. ಪ್ರತಿದಿನ ಸಂಜೆ ಆರಕ್ಕೆ ಅವರು ಫೋನ್ ಮಾಡಬೇಕು, ಏಳಾದರೂ ಬರದಿದ್ದರೆ ನೀವು ಯಾರನ್ನು ಕಳಿಸುತ್ತೀರಿ ಅಂತ ಮೊದಲೇ ತೀರ್ಮಾನ ಆಗಿರಲಿ. ಬಿದ್ದು ಪ್ರಜ್ಞೆ ತಪ್ಪಿದವರು ಯಾವ ಫೋನಿಂದಲೂ ಕರೆ ಮಾಡಲಾರರು ಅಲ್ವಾ?

ಪ್ರಶ್ನೆ: ಸ್ಯಾಟಲೈಟ್ ಫೋನ್ ತಗೊಂಡರೆ ಈ ತಲೆನೋವೇ ಇಲ್ಲ ಅಲ್ವಾ ಮೇಡಂ?

ಉತ್ತರ: ಕೊಳ್ಳುವ ಮೊದಲು ಕಾನೂನು ನೋಡಿ. ಭಾರತವೂ ಸೇರಿ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಇಟ್ಟುಕೊಂಡರೆ ಪೊಲೀಸ್ ಕೇಸ್ ಆಗುತ್ತದೆ. 2022ರಲ್ಲಿ ಐಫೋನ್ 14ರ ಜೊತೆ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಬಂತು. ಅದೂ ಕೆಲವೇ ದೇಶಗಳಲ್ಲಿ ನಡೆಯುತ್ತದೆ.

ಇವಲ್ಲದೆ 406 ಮೆಗಾಹರ್ಟ್ಸ್‌ನಲ್ಲಿ ಕೂಗುವ ಚಿಕ್ಕ ತುರ್ತು ಬೀಕನ್‌ಗಳಿವೆ. ಒಂದು ಗುಂಡಿ ಒತ್ತಿದರೆ ಕಾಸ್ಪಾಸ್-ಸಾರ್ಸ್ಯಾಟ್ ಅನ್ನುವ ಅಂತಾರಾಷ್ಟ್ರೀಯ ವ್ಯವಸ್ಥೆಯ ಉಪಗ್ರಹಗಳಿಗೆ ಸಿಗ್ನಲ್ ಹೋಗುತ್ತದೆ. ಈ ವ್ಯವಸ್ಥೆ 1982ರಿಂದ ಜನರನ್ನು ಉಳಿಸುತ್ತಿದೆ. ಕಾನೂನು ಒಪ್ಪುವ ಕಡೆ ನಾನು ಮೊದಲು ಹೇಳುವುದು ಇದನ್ನೇ. ಆದರೆ ನಿಮ್ಮ ಹೆಸರಿನಲ್ಲಿ ನೋಂದಾಯಿಸಲೇಬೇಕು, ಮತ್ತು ತೆರೆದ ಆಕಾಶ ಬೇಕು. ಆಳವಾದ ಕಣಿವೆಯಲ್ಲಿ, ಬಂಡೆ ಸಂದಿಯಲ್ಲಿ ಇದೂ ತಡವರಿಸುತ್ತದೆ.

ಪ್ರಶ್ನೆ: ಏನೂ ಇಲ್ಲ, ಫೋನೂ ಸಿಗುತ್ತಿಲ್ಲ ಅಂದುಕೊಳ್ಳಿ. ಆಗ ನಡೆದುಕೊಂಡು ಹೊರಡಬೇಕಾ, ಅಲ್ಲೇ ಇರಬೇಕಾ?

ಉತ್ತರ: ನೀವು ಹೋದ ದಾರಿ ಯಾರಿಗಾದರೂ ಗೊತ್ತಿದ್ದರೆ ಹೆಚ್ಚಿನ ಸಲ ಅಲ್ಲೇ ಇರುವುದು ಒಳ್ಳೆಯದು. ವಾಹನವಿದ್ದರೆ ಅದರ ಹತ್ತಿರವೇ ಇರಿ.

2006ರ ನವೆಂಬರಿನಲ್ಲಿ ಅಮೆರಿಕದ ಓರೆಗನ್ ಬೆಟ್ಟದ ರಸ್ತೆಯಲ್ಲಿ ಗಂಡ, ಹೆಂಡತಿ, ಇಬ್ಬರು ಪುಟ್ಟ ಮಕ್ಕಳು ಹಿಮದಲ್ಲಿ ಸಿಕ್ಕಿಕೊಂಡರು. ಕರೆ ಮಾಡುವಷ್ಟು ಸಿಗ್ನಲ್ ಇರಲಿಲ್ಲ. ಆದರೆ ಒಂದು ರಾತ್ರಿ ಅವರ ಫೋನ್ ದೂರದ ಟವರೊಂದನ್ನು ಒಂದು ಕ್ಷಣ ಮುಟ್ಟಿತ್ತು, ಬಂದ ಮೆಸೇಜ್ ತೆಗೆದುಕೊಂಡಿತ್ತು. ಫೋನ್ ಕಂಪನಿಯ ಇಬ್ಬರು ಎಂಜಿನಿಯರ್‌ಗಳು ತಾವಾಗಿ ಮುಂದೆ ಬಂದು ಆ ದಾಖಲೆ ಹುಡುಕಿ ತೆಗೆದರು. ಹುಡುಕಬೇಕಾದ ಜಾಗ ಕಿರಿದಾಯಿತು. ಕಾರಿನ ಹತ್ತಿರ ಉಳಿದಿದ್ದ ತಾಯಿ, ಮಕ್ಕಳು ಡಿಸೆಂಬರ್ 4ರಂದು ಸಿಕ್ಕರು. ಸಹಾಯ ತರಲು ಎರಡು ದಿನ ಮುಂಚೆ ಹಿಮದಲ್ಲಿ ನಡೆದುಹೋಗಿದ್ದ ತಂದೆ ಉಳಿಯಲಿಲ್ಲ. ಅವರ ಜಾಗದಲ್ಲಿದ್ದರೆ ಯಾವ ತಂದೆಯೂ ಹಾಗೇ ಹೊರಡುತ್ತಿದ್ದನೇನೋ. ನೆನಪಾದಾಗೆಲ್ಲ ಹೊಟ್ಟೆ ಹಿಂಡುತ್ತದೆ.

ಆದ್ದರಿಂದ ಕರೆ ಹೋಗದಿದ್ದರೂ ಗಂಟೆಗೊಮ್ಮೆ ಐದು ನಿಮಿಷ ಫೋನನ್ನು ನೆಟ್‌ವರ್ಕಿಗೆ ತೆರೆಯಿರಿ. ನಿಮಗೆ ಕಾಣದ ಒಂದು ಸಿಗ್ನಲ್ ಟವರಿನಲ್ಲಿ ದಾಖಲಾಗಬಹುದು. ಕೊರಳಲ್ಲಿ ಒಂದು ಸೀಟಿ ಇರಲಿ. ಬೆಟ್ಟ ಹತ್ತುವವರ ಸಂಕೇತ ಹೀಗಿದೆ: ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು, ಮತ್ತೆ ಆರು. ರಾತ್ರಿಯಾದರೆ ಟಾರ್ಚ್. ಉತ್ತರವಾಗಿ ನಿಮಿಷಕ್ಕೆ ಮೂರು ಕೇಳಿಸಿದರೆ ನಿಮ್ಮನ್ನು ಗುರುತಿಸಿದ್ದಾರೆ ಅಂತ. ಆಮೇಲೂ ಊದುವುದನ್ನು ನಿಲ್ಲಿಸಬೇಡಿ, ತಂಡ ಆ ಸದ್ದನ್ನು ಹಿಡಿದೇ ಬರುತ್ತದೆ.

ಪ್ರಶ್ನೆ (ಮೊದಲು ಕೇಳಿದವರು): ಮೇಡಂ, ನಿಮ್ಮ ಉತ್ತರ ಎಲ್ಲರಿಗೂ ಓದಿ ಹೇಳಿದೆ. ಒಂದು ಚೀಟಿ ಬರೆದು ನಮ್ಮಕ್ಕನಿಗೆ ಕೊಟ್ಟು ಹೋಗುತ್ತೇವೆ. ಆರು ಜನರ ಹೆಸರು, ನಂಬರ್, ಹೋಗುವ ದಾರಿ, ರಾತ್ರಿ ಉಳಿಯುವ ಎರಡು ಜಾಗ, ವಾಪಸ್ ಬರುವ ದಿನ. ಸಾಕಾ?

ಉತ್ತರ: ತುಂಬಾ ಖುಷಿಯಾಯಿತು. ಒಂದು ಬಿಟ್ಟುಹೋಗಿದೆ. ಮೂರನೇ ದಿನ ಎಷ್ಟು ಗಂಟೆಯ ತನಕ ಕಾದು ಅಕ್ಕ ನಮಗೆ ಫೋನ್ ಮಾಡಬೇಕು, ಅದನ್ನು ಬರೆಯಿರಿ. ಗಂಟೆ ಬರೆದಿಲ್ಲದಿದ್ದರೆ 'ಇನ್ನು ಸ್ವಲ್ಪ ನೋಡೋಣ, ಬರ್ತಾರೆ' ಅಂತ ಬೆಳಗಿನ ತನಕ ಕಾಯುತ್ತಾರೆ. ಮತ್ತೆ, ಕೆಳಗಿಳಿದು ಸಿಗ್ನಲ್ ಸಿಕ್ಕ ತಕ್ಷಣ ಮೊದಲ ಕರೆ ಅಕ್ಕನಿಗೇ ಮಾಡಿ.